ಪದವಿನ ಗಿಡಗಳನ್ನು ದಾಖಲಿಸುವ ಕ್ರಮ

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳನ್ನು, ಅಂದರೆ ಗುಡ್ಡದ ಮೇಲಿನ ಬಂಡೆಬಯಲುಗಳನ್ನು, ಬೇಸಿಗೆಯಲ್ಲಷ್ಟೇ ನೋಡಿ ‘ಪಾಳುಭೂಮಿ’ ಎಂದು ಬರೆದರೆ ಅದು ಸುಳ್ಳು ದಾಖಲೆ. ಜೂನ್‌ನಿಂದ ನವೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹೋಗಿ. ತುಳು ತಿಂಗಳು ಆಟಿಯಲ್ಲಿ (ಜುಲೈ–ಆಗಸ್ಟ್) ಹೂಬಿಟ್ಟ ಎಷ್ಟೋ ಗಿಡಗಳ ಸುಳಿವು ಅದರ ಮುಂದಿನ ಸೋಣ ಕಳೆದ ಮೇಲೆ ಸಿಗುವುದಿಲ್ಲ. ಬಂಡೆಗೆ ಅಂಟಿ ಬೆಳೆಯುವ ಲೆಪಿಡಗಾಥಿಸ್ ಕೇರಳೆನ್ಸಿಸ್‌ಗಾಗಿ ಮಳೆ ಬಿಟ್ಟ ಮೇಲೂ ಒಮ್ಮೆ ಹೋಗಲೇಬೇಕು.

ಪಿವಿಸಿ ಪೈಪಿನಿಂದ ಒಳಅಳತೆ 50 ಸೆಂ.ಮೀ. ಇರುವ ಚೌಕ ಮಾಡಿಕೊಳ್ಳಿ. ಬರಿಬಂಡೆ, ಮಣ್ಣು ಕೂತ ಗುಳಿ, ನೀರು ನಿಲ್ಲುವ ಪಳ್ಳ, ಹುಲ್ಲಿನ ಜಾಗ – ಒಂದೊಂದರಲ್ಲೂ ಕನಿಷ್ಠ ಐದು ಕಡೆ ಚೌಕವಿಟ್ಟು ಗಿಡ ಎಣಿಸಿ. ನಾಲ್ಕರ ಲೆಕ್ಕವನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ. ಎರಡು ಬೆರಳು ಮಣ್ಣಿನ ವ್ಯತ್ಯಾಸಕ್ಕೇ ಇಲ್ಲಿ ಗಿಡ ಬದಲಾಗುತ್ತದೆ. ಮಣ್ಣಿನ ಆಳ, ನೀರಿನ ಆಳ, ಜಿಪಿಎಸ್, ಹೂವಿನ ಬಣ್ಣ ಅಲ್ಲೇ ಬರೆಯಿರಿ. ಒಣಗಿದ ಮೇಲೆ ಬಣ್ಣ ಉಳಿಯದು.

ಬಿಳಿ ಗುಂಡಿಯಂಥ ಹೂಗೊಂಚಲಿನ ಎರಿಯೋಕಾಲಾನ್‌ಗಳಲ್ಲೇ ಹೆಚ್ಚು ತಪ್ಪಾಗುವುದು. ಫೋಟೋ ನೋಡಿ ಜಾತಿ ಹೇಳಲು ಹೋಗಬೇಡಿ. ಗೊಂಚಲೊಳಗಿನ ಕಿರುಹೂ, ಬೀಜದ ಮೇಲ್ಮೈ ಎರಡನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಬೀಜ ಬಲಿಯುವವರೆಗೆ ಕಾದು ಬೇರುಸಹಿತ ತೆಗೆಯಿರಿ. ಒಂದೆರಡು ಗೊಂಚಲು ಶೇ. 70ರ ಆಲ್ಕೋಹಾಲಿನಲ್ಲಿರಲಿ. ಶೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಕರಗಿಹೋಗುತ್ತದೆ. ಓಣಂ ಹೊತ್ತಿಗೆ ಪದವನ್ನು ನೀಲಿ ಮಾಡುವ ಕಾಕ್ಕಪ್ಪೂವನ್ನು, ಅಂದರೆ ಯೂಟ್ರಿಕುಲೇರಿಯಾವನ್ನು, ಎಳೆದು ಕಿತ್ತರೆ ಹುಳ ಹಿಡಿಯುವ ಚೀಲಗಳು ಕೆಸರಲ್ಲೇ ಉಳಿಯುತ್ತವೆ. ಚೂರಿಯಿಂದ ಮಣ್ಣಿನ ಹೆಂಟೆಯನ್ನೇ ಎತ್ತಿ, ಬೋಗುಣಿಯ ನೀರಿನಲ್ಲಿ ಮೆಲ್ಲಗೆ ಬಿಡಿಸಿ. ಹುಳ ಹಿಡಿಯುವ ಇನ್ನೊಂದು ಗಿಡ ಡ್ರೋಸೆರಾದ ಅಂಟುಎಲೆ ಒಣಗಿಸುವಾಗ ಕಾಗದಕ್ಕೆ ಅಂಟದಿರಲು ಬಟರ್ ಪೇಪರ್ ಬೇಕು.

ಇಪ್ಪತ್ತು ಗಿಡ ಇದ್ದಲ್ಲಿ ಒಂದಕ್ಕಿಂತ ಹೆಚ್ಚು ಕೀಳಬಾರದು. ಅದಕ್ಕಿಂತ ಕಡಿಮೆಯಿದ್ದರೆ ಫೋಟೋ ಸಾಕು.

ಕಿತ್ತ ಗಿಡಗಳನ್ನು ಒಣಗಿಸಲು ಹಳೆ ಪತ್ರಿಕೆಯಲ್ಲಿ ಹರಡಿ, ನಡುನಡುವೆ ರಟ್ಟಿಟ್ಟು ಬಿಗಿದು ಕಟ್ಟಿ. ಮಳೆಗಾಲದಲ್ಲಿ ಮೊದಲ ಮೂರು ದಿನ ಎರಡು ಹೊತ್ತೂ ಕಾಗದ ಬದಲಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಸಂರಕ್ಷಣೆ ಎಂದು ಪದವಿನಲ್ಲಿ ಅಕೇಶಿಯಾ ನೆಡುವುದು ಆ ಜಾಗವನ್ನು ಕೊಂದ ಹಾಗೆ. ನೆರಳು, ತರಗೆಲೆ ಎರಡೂ ಬಿಸಿಲು ಬೇಡುವ ಈ ಪುಟ್ಟ ಗಿಡಗಳಿಗೆ ಆಗುವುದಿಲ್ಲ. ಗುಂಡಿ ತೋಡಿದರೆ ಮೇಲಿನ ಪದರ ಒಡೆದು ನೀರು ನಿಲ್ಲುವುದೂ ತಪ್ಪುತ್ತದೆ. ಮಾಡಬೇಕಾದ್ದು ಬೇರೆ: 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತ್ ಮಟ್ಟದಲ್ಲಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ನಿಮ್ಮ ಪಟ್ಟಿ ಕೊಟ್ಟು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಿಸಲು ಕೇಳಿ. ಅಪರೂಪದ ಗಿಡದ ನಿಖರ ಜಾಗ ಜಾಲತಾಣದಲ್ಲಿ ಬಹಿರಂಗವಾಗದಿರಲಿ. ಸಮಿತಿಗೆ ಕೊಡುವ ಪ್ರತಿಯಲ್ಲಿ ಮಾತ್ರ ಸರ್ವೆ ನಂಬರ್, ತಾರೀಕು ಎರಡೂ ಇರಬೇಕು. ನಾಳೆ ಅಲ್ಲಿ ಕಲ್ಲಿನ ಕ್ವಾರಿಗೆ ಅರ್ಜಿ ಬಂದರೆ ಆಕ್ಷೇಪಣೆಗೆ ಲಗತ್ತಿಸಲು ಬೇಕಾಗುವುದು ಅದೇ.