ಬಾಯಿಗೆ ಕೂರದ ಹಲ್ಲಿನ ಸೆಟ್: ಮೊದಲಿಂದ ಮಾಡಿಸುವುದು ಹೇಗೆ?

ಶಿರಸಿಯ ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು. ಅದರೊಳಗೆ ಆಯಿಯ (ಅಮ್ಮನ) ಹಲ್ಲಿನ ಸೆಟ್. ಮದುವೆ, ಉಪನಯನಕ್ಕೆ ಹೊರಡುವಾಗ ಹಾಕಿಕೊಳ್ಳುತ್ತಿದ್ದಳು. ಊಟಕ್ಕೆ ಎಲೆ ಹಾಕಿದ ಕೂಡಲೇ ಆಚೆ ತಿರುಗಿ ತೆಗೆದು, ಕರ್ಚೀಫಿನಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದಳು. ಮೇಲಿನದು ಹೇಗೋ ನಿಲ್ಲುತ್ತಿತ್ತು. ಕೆಳಗಿನದು ಬಾಯಿ ತೆರೆದರೆ ಸಾಕು, ನಾಲಿಗೆ ಜೊತೆ ಎದ್ದು ಬರುತ್ತಿತ್ತು. "ಯನ್ನ ಬಾಯಿಗೆ ಇದು ಆಗ್ತಿಲ್ಲೆ ತಮಾ" ಎನ್ನುತ್ತ ಐದು ವರ್ಷ ಮೆತ್ತನ್ನ ಅನ್ನ, ಮಜ್ಜಿಗೆಯಲ್ಲೇ ಕಳೆದಳು.

ಆ ಸೆಟ್ ಎರಡೇ ಭೇಟಿಯಲ್ಲಿ ತಯಾರಾಗಿತ್ತು. ಬೇಗ ಆಯಿತಲ್ಲ ಅಂತ ನಾವೂ ಖುಷಿಪಟ್ಟಿದ್ದೆವು. ಕಷ್ಟದ ಬಾಯಿಗೆ ಬೇಕಾದ್ದೇ ಸಮಯ ಅಂತ ಎರಡನೇ ಸಲ ಮಾಡಿಸುವಾಗ ತಿಳಿಯಿತು. ಆಗ ನೋಡಿ, ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. "ನನ್ನ ಬಾಯಿಗೆ ಆಗುವುದಿಲ್ಲ" ಎಂದು ಕೈಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮನೆಯವರು ಇದನ್ನು ಓದಬೇಕು ಅನ್ನುವುದು ನನ್ನ ಆಸೆ.

ಕೆಳಗಿನ ಸೆಟ್ಟೇ ಯಾಕೆ ಅಲ್ಲಾಡುತ್ತದೆ?

ಹಲ್ಲು ಹೋದ ಮೇಲೆ ಅದನ್ನು ಹಿಡಿದುಕೊಂಡಿದ್ದ ಮೂಳೆಗೆ ಕೆಲಸ ಇಲ್ಲ. ಅದು ಕರಗತೊಡಗುತ್ತದೆ. ಮೊದಲ ವರ್ಷ ಜಾಸ್ತಿ, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಹಲವು ವರ್ಷಗಳ ಲೆಕ್ಕ ತೆಗೆದರೆ ಕೆಳದವಡೆ ಮೇಲಿನದಕ್ಕಿಂತ ಸುಮಾರು 4 ಪಟ್ಟು ಸವೆಯುತ್ತದೆ. ಗದ್ದೆಯ ಹಾಳಿ (ಬದು) ಮಳೆಗೆ ಕರಗಿ ನೆಲಸಮ ಆದ ಹಾಗೆ. ಮೇಲಿನ ಸೆಟ್ಟಿಗೆ ಇಡೀ ಅಂಗುಳ ಸಿಗುತ್ತದೆ, ಎಂಜಲಿನ ತೆಳು ಪದರದಿಂದ ಅಂಟಿಕೊಂಡು ನಿಲ್ಲುತ್ತದೆ. ಕೆಳಗೆ ನಡುವೆ ನಾಲಿಗೆ ಇದೆ. ಉಳಿಯುವುದು ಕುದುರೆಲಾಳದ ಆಕಾರದ ಸಪೂರ ಜಾಗ ಅಷ್ಟೇ.

ಮೊದಲ ಹೆಜ್ಜೆ: ಸರಿಯಾದವರನ್ನು ಹುಡುಕಿ

ಕಷ್ಟದ ಕೇಸಿಗೆ ಪ್ರಾಸ್ಥೊಡಾಂಟಿಸ್ಟ್ ಬೇಕು. ಅಂದರೆ ಬಿಡಿಎಸ್ ಆದ ಮೇಲೆ ಕೃತಕ ಹಲ್ಲಿನ ವಿಷಯದಲ್ಲೇ ಎಂಡಿಎಸ್ ಓದಿದವರು. ನಿಮ್ಮ ಊರಿನ ದಂತವೈದ್ಯರನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ. ದಂತ ಕಾಲೇಜುಗಳಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ. ನಮ್ಮ ಉತ್ತರ ಕನ್ನಡದಲ್ಲಿ ಘಟ್ಟದ ಮೇಲಿನವರಿಗೆ ಧಾರವಾಡದ ಸತ್ತೂರು, ಹೊನ್ನಾವರ, ಭಟ್ಕಳದ ಕಡೆಯವರಿಗೆ ಮಣಿಪಾಲ ಅನುಕೂಲ. ಓಡಾಟ ಹೆಚ್ಚು, ನಿಜ. ಆದರೆ ಖರ್ಚು ಕಡಿಮೆ, ಅವಸರವೂ ಇಲ್ಲ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಹಲ್ಲಿನ ಸೆಟ್ಟಿಗೆಂದೇ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆ ಬಂದಿದೆ. ಈಗಿನ ನಿಯಮ ಏನು ಅಂತ ತಾಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಒಮ್ಮೆ ವಿಚಾರಿಸಿ.

ಹೋಗುವಾಗ ಹಳೇ ಸೆಟ್ ಮರೆಯಬೇಡಿ. ಅದು ಎಲ್ಲಿ ತಪ್ಪಿದೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಲ್ಲು ಕಾಣುವ ಹಾಗೆ ನಕ್ಕಿರುವ ಹಳೇ ಫೋಟೋ ಇದ್ದರೆ ಅದೂ ಇರಲಿ. ನುಂಗುವ ಮಾತ್ರೆಗಳ ಚೀಟಿ ಕಡ್ಡಾಯ. ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ) ರಿಪೋರ್ಟ್ ಬೇಕು. ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ಆಗಿದ್ದರೆ, ಕುತ್ತಿಗೆ ಅಥವಾ ಬಾಯಿಗೆ ರೇಡಿಯೇಶನ್ ಆಗಿದ್ದರೆ ಕೇಳುವ ಮೊದಲೇ ಹೇಳಿಬಿಡಿ. ಅಂಥವರಿಗೆ ಹಲ್ಲು ಕೀಳುವುದೂ ಅಪಾಯ ಆಗಬಹುದು, ದವಡೆಯ ಮೂಳೆ ಮಾಯದೇ ಉಳಿಯಬಹುದು.

ಎರಡನೇ ಹೆಜ್ಜೆ: ಬಾಯಿ ಹದ ಮಾಡಿಕೊಳ್ಳಿ

ಇದನ್ನೇ ನಾವು ಮೊದಲ ಸಲ ಬಿಟ್ಟಿದ್ದು. ಸಡಿಲ ಸೆಟ್ ಉಜ್ಜಿ ಉಜ್ಜಿ ವಸಡು ಊದಿಕೊಂಡಿರುತ್ತದೆ. ಅಂಗುಳ ಕೆಂಪಾಗಿ ಬೂಷ್ಟಿನ ಸೋಂಕು ಆಗಿರುತ್ತದೆ. ಊದಿದ ವಸಡಿನ ಅಳತೆ ತೆಗೆದರೆ, ಊತ ಇಳಿದ ಮೇಲೆ ಸೆಟ್ ಮತ್ತೆ ಸಡಿಲ, ಅಲ್ವಾ? ಅದಕ್ಕೇ ಕೆಲವು ದಿನ ಹಳೇ ಸೆಟ್ ಹಾಕದೇ ಇರಲು ಹೇಳುತ್ತಾರೆ, ಇಲ್ಲವೇ ಅದರೊಳಗೆ ಮೆತ್ತನೆಯ ಪದರ ಹಾಕಿಕೊಡುತ್ತಾರೆ. ಇಡೀ ದವಡೆಯ ಎಕ್ಸ್‌ರೇ ತೆಗೆದು ಒಳಗೆ ಮುರಿದ ಬೇರು ಉಳಿದಿದೆಯೇ ನೋಡುತ್ತಾರೆ.

ಇನ್ನೂ ಒಂದೆರಡು ಹಲ್ಲು ಉಳಿದಿದ್ದರೆ "ಎಲ್ಲಾ ಕಿತ್ತುಬಿಡಿ" ಎಂದು ನೀವಾಗಿ ಹೇಳಬೇಡಿ. ಕೆಳಗಿನ ಎರಡು ಕೋರೆಹಲ್ಲಿನ ಬೇರು ಗಟ್ಟಿ ಇದ್ದರೆ, ರೂಟ್ ಕೆನಾಲ್ ಮಾಡಿ, ಮೊಟಕು ಮಾಡಿ, ಅದರ ಮೇಲೆ ಸೆಟ್ ಕೂರಿಸಬಹುದು. ಬೇರು ಇರುವ ಕಡೆ ಮೂಳೆಯೂ ಉಳಿಯುತ್ತದೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಅಡಿಕೆ ನಮ್ಮ ಅನ್ನ. ಕವಳ (ಎಲೆ-ಅಡಿಕೆ) ಹಾಕದ ಮನೆ ಹುಡುಕುವುದೇ ಕಷ್ಟ. ಆದರೆ ವರ್ಷಾನುಗಟ್ಟಲೆ ಅಡಿಕೆ ಜಗಿದರೆ ಕೆನ್ನೆಯ ಒಳಭಾಗ ಗಟ್ಟಿಯಾಗಿ, ಬಾಯಿ ಬಿಗಿಯುತ್ತಾ ಬರುತ್ತದೆ. ಗುಟ್ಕಾ ಆದರೆ ಇನ್ನೂ ಬೇಗ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿ ಬಂದರೆ, ಸೆಟ್ಟಿನ ಮಾತು ಆಮೇಲೆ. ಮೊದಲು ಅದರ ಪರೀಕ್ಷೆ ಆಗಲಿ. ಇದು ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ತೋಟದವನಾಗಿ ಇದನ್ನು ಬರೆಯಲು ನನಗೂ ಸಂಕಟ. ಬರೆಯದಿದ್ದರೆ ತಪ್ಪಾಗುತ್ತದೆ. ಬಾಯಿ ಪೂರ್ತಿ ತೆರೆಯದವರಿಗೂ ದಾರಿ ಇದೆ. ಅಳತೆಯನ್ನು ಎರಡು ತುಂಡಾಗಿ ತೆಗೆದು, ಸೆಟ್ಟನ್ನೂ ಬಾಯೊಳಗೆ ಜೋಡಿಸುವ ಹಾಗೆ ಎರಡು ಭಾಗವಾಗಿ ಮಾಡುತ್ತಾರೆ.

ಮೂರನೇ ಹೆಜ್ಜೆ: ಅಳತೆ, ಅದೂ ಎರಡು ಸಲ

ಮೊದಲ ಅಳತೆ ಅಂದಾಜಿಗೆ. ಅದರಿಂದ ನಿಮ್ಮ ದವಡೆಗೇ ಹೊಂದುವ ಒಂದು ತಟ್ಟೆ ಮಾಡುತ್ತಾರೆ. ಎರಡನೇ ಸಲ ಆ ತಟ್ಟೆಯ ಅಂಚಿಗೆ ಬಿಸಿ ಮಾಡಿ ಮೆದು ಮಾಡಿದ ಹಸಿರು ಕಡ್ಡಿಯಂಥ ಮೇಣ ಹಚ್ಚಿ, ಬಾಯಿಗೆ ಇಟ್ಟು, ತುಟಿ ಮುಂದೆ ಚಾಚಿ, ನಾಲಿಗೆ ಆಚೀಚೆ ಆಡಿಸಿ ಅನ್ನುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಸೆಟ್ಟಿನ ಅಂಚು ಎಲ್ಲಿಗೆ ನಿಲ್ಲಬೇಕು ಎಂದು ನಿಮ್ಮ ಕೆನ್ನೆ, ನಾಲಿಗೆಯ ಸ್ನಾಯುಗಳೇ ಬರೆದುಕೊಡುವುದು ಆಗಲೇ. ಚಪ್ಪಟೆ ದವಡೆಯವರಿಗೆ ಸೆಟ್ ನಿಲ್ಲುವುದು, ಬಿಡುವುದು ಬಹುಪಾಲು ಇಲ್ಲೇ ತೀರ್ಮಾನ.

ವಾಂತಿ ಬಂದ ಹಾಗಾಗುವವರು ಹೆದರಬೇಡಿ. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೋಗಬೇಡಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನಲ್ಲೇ ಉಸಿರಾಡಿ, ಒಂದು ಕಾಲು ಮೇಲೆತ್ತಿ ಹಿಡಿಯಿರಿ. ಗಮನ ಕಾಲಿನ ಕಡೆ ಹೋದರೆ ಗಂಟಲು ಸುಮ್ಮನಾಗುತ್ತದೆ.

ನಾಲ್ಕನೇ ಹೆಜ್ಜೆ: ಮೇಣದ ಮೇಲೆ ಹಲ್ಲು

ಮುಂದಿನ ಭೇಟಿಯಲ್ಲಿ ಎತ್ತರ ನೋಡುತ್ತಾರೆ. "ಅಮ್ಮ" ಅನ್ನಿಸುತ್ತಾರೆ. ಹೇಳಿ ಮುಗಿಸಿದಾಗ ತುಟಿ ಕೂಡಿರಬೇಕು, ಒಳಗೆ ಹಲ್ಲು ತಾಗಬಾರದು. ಮೇಲೆ ಕೆಳಗೆ ನಡುವೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಬಿಡುವು ಬೇಕು. ಎತ್ತರ ಜಾಸ್ತಿಯಾದರೆ ಮಾತಾಡುವಾಗ ಟಕಟಕ ಸದ್ದು, ಸಂಜೆ ಹೊತ್ತಿಗೆ ದವಡೆ ನೋವು. ಕಡಿಮೆಯಾದರೆ ಮುಖ ಕುಸಿದು, ತುಟಿಯ ಮೂಲೆ ಒಡೆಯುತ್ತದೆ.

ಆಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗೆ ಇಟ್ಟು ತೋರಿಸುತ್ತಾರೆ. ಬದಲಾವಣೆ ಏನಿದ್ದರೂ ಈಗಲೇ ಹೇಳಿ. ಅಚ್ಚು ಹಾಕಿ ಬೇಯಿಸಿದ ಮೇಲೆ ಹಲ್ಲು ಸರಿಸುವುದು ಸುಲಭ ಅಲ್ಲ. ಮನೆಯವರೊಬ್ಬರು ಜೊತೆಗಿರಲಿ. ಕನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ಬನ್ನಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ. 70 ವರ್ಷದವರಿಗೆ ಹಾಲುಬಿಳಿ ಹಲ್ಲು ಹೊಂದುವುದಿಲ್ಲ. ಸ್ವಲ್ಪ ಹಳದಿ ಛಾಯೆ, ಒಂದು ಹಲ್ಲು ತುಸು ಓರೆ ಇದ್ದರೆ ತನ್ನದೇ ಹಲ್ಲಿನ ಹಾಗೆ ಕಾಣುತ್ತದೆ. ಆಯಿಯ ಮದುವೆ ಫೋಟೋ ಇಲ್ಲೇ ಕೆಲಸಕ್ಕೆ ಬಂದದ್ದು.

ಮಾತಿನ ಪರೀಕ್ಷೆಗೆ ಡಾಕ್ಟರ್ "ಬನವಾಸಿ" ಹೇಳಿ ಅಂದರು. ಒಂದೇ ಹೆಸರಿನಲ್ಲಿ ಎರಡು ಪರೀಕ್ಷೆ. "ವಾ" ಅನ್ನುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಗೆ ಹಗುರವಾಗಿ ಮುಟ್ಟಬೇಕು. "ಸಿ" ಅನ್ನುವಾಗ ಮೇಲಿನ, ಕೆಳಗಿನ ಹಲ್ಲು ಹತ್ತಿರ ಬರಬೇಕು, ತಾಗಬಾರದು, ಸಿಳ್ಳೆ ಬರಬಾರದು. ಆಯಿಯ ಬಾಯಲ್ಲಿ ಮೊದಲು "ಬನವಾಶಿ" ಬಂತು. ಡಾಕ್ಟರ್ ಮುಂದಿನ ಎರಡು ಹಲ್ಲನ್ನು ಬಿಸಿ ಚಾಕುವಿನಿಂದ ಕೂದಲೆಳೆಯಷ್ಟು ಸರಿಸಿದರು. ಮತ್ತೆ ಹೇಳಿದಳು. ಸರಿಯಾಗಿ ಬಂತು. ಅವಳೇ ಇನ್ನೆರಡು ಸಲ ಹೇಳಿಕೊಂಡಳು.

ಅಷ್ಟಾದರೂ ಕೆಳಗಿನದು ನಿಲ್ಲದಿದ್ದರೆ?

ಆಗ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೇ ಕೂರಿಸುವ ಸ್ಕ್ರೂ, ಯೋಚಿಸಿ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ರೋಗಿಯೊಬ್ಬರ ದವಡೆಗೆ ಮೊದಲ ಬಾರಿ ಟೈಟಾನಿಯಂ ಸ್ಕ್ರೂ ಕೂರಿಸಿದರು. ಆ ಲೋಹಕ್ಕೆ ಮೂಳೆ ಕಚ್ಚಿಕೊಂಡು ಬೆಳೆಯುತ್ತದೆ. ಕೆಳಗೆ ಪೂರ್ತಿ ಹಲ್ಲಿಲ್ಲದವರಿಗೆ ಮುಂಭಾಗದಲ್ಲಿ ಎರಡು ಸ್ಕ್ರೂ ಹಾಕಿ ಅದಕ್ಕೆ ಸೆಟ್ಟನ್ನು ಗುಂಡಿಯ ಹಾಗೆ ಚಿಟಕಿಸುವುದೇ ಮೊದಲ ಆಯ್ಕೆ ಆಗಲಿ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದಾರೆ. ದವಡೆ ಎಷ್ಟೇ ಸವೆದರೂ ಗದ್ದದ ಹತ್ತಿರ ಸಾಮಾನ್ಯವಾಗಿ ಮೂಳೆ ಉಳಿದಿರುತ್ತದೆ. ಮೂಳೆ ಹಿಡಿಯಲು ಕೆಳಗೆ ಹೆಚ್ಚಾಗಿ ಮೂರು ತಿಂಗಳು ಕಾಯುತ್ತಾರೆ. ಎಲ್ಲಾ ಹಲ್ಲಿಗೂ ಸ್ಕ್ರೂ ಬೇಕು ಅಂದುಕೊಂಡು ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. ಎರಡರ ಲೆಕ್ಕ ಕೇಳಿ.

ಹಲ್ಲು ಇದೆ, ಆದರೆ ಸವೆದು ಅರ್ಧ ಆಗಿದೆ ಅನ್ನುವವರಿಗೆ ಬೇರೆ ದಾರಿ. ಮೊದಲು ತಾತ್ಕಾಲಿಕ ಕ್ಯಾಪ್ ಹಾಕಿ, ಹೊಸ ಎತ್ತರಕ್ಕೆ ದವಡೆ ಒಗ್ಗುತ್ತದೆಯೇ ಎಂದು ಕೆಲವು ವಾರ ನೋಡಿ, ಆಮೇಲೇ ಕಾಯಂ ಕ್ಯಾಪ್. ಕ್ಯಾನ್ಸರ್ ಆಪರೇಶನ್ ಆಗಿ ಅಂಗುಳದಲ್ಲಿ ತೂತು ಉಳಿದವರಿಗೆ ಆ ತೂತು ಮುಚ್ಚುವ ಭಾಗ ಸೇರಿಸಿ ಸೆಟ್ ಮಾಡುತ್ತಾರೆ. ನೀರು ಮೂಗಿಗೆ ಬರುವುದು ತಪ್ಪುತ್ತದೆ, ಮಾತು ಸ್ಪಷ್ಟವಾಗುತ್ತದೆ. ಇಂಥದ್ದೊಂದು ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಕೈಗೆ ಬಂದ ಮೇಲೆ

ಮೊದಲ ವಾರ ಎಲ್ಲೋ ಒತ್ತುತ್ತದೆ, ಹುಣ್ಣಾಗುತ್ತದೆ. ಮನೆಯಲ್ಲಿ ಅರದಿಂದ ಉಜ್ಜಬೇಡಿ. ಡಾಕ್ಟರ್ ಹತ್ತಿರ ಹೋಗುವ ಹಿಂದಿನ ದಿನ ಹಾಕಿಕೊಂಡೇ ಇರಿ, ಒತ್ತಿದ ಗುರುತು ಕಾಣಬೇಕು. ಗಂಜಿಯಿಂದ ಶುರು ಮಾಡಿ, ಸಣ್ಣ ತುತ್ತು, ಎರಡೂ ಕಡೆ ಜಗಿಯಿರಿ. ತೊಳೆಯಲು ಮೆತ್ತನೆಯ ಬ್ರಷ್, ಸಾದಾ ಸೋಪು ಸಾಕು. ಪೇಸ್ಟ್ ಗೀರು ಹಾಕುತ್ತದೆ. ಬಿಸಿನೀರು ಸೆಟ್ಟನ್ನು ಸೊಟ್ಟ ಮಾಡುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಿ. ಆಯಿಯ ಸ್ಟೀಲ್ ಡಬ್ಬಿ ಈಗ ಇದಕ್ಕೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಒಂದು ಎಚ್ಚರಿಕೆ. ಮೇಲಿನ ಸೆಟ್ ಅಂಗುಳ ಮುಚ್ಚುವುದರಿಂದ ಮೀನಿನ ಮುಳ್ಳು ಗೊತ್ತಾಗುವುದಿಲ್ಲ, ಸೀದಾ ಗಂಟಲಿಗೆ ಹೋಗುತ್ತದೆ. ತಾರ್ಲೆಯಂಥ ಸಣ್ಣ ಮುಳ್ಳಿನ ಮೀನು ಕೆಲವು ತಿಂಗಳು ಬೇಡ. ಬಂಗುಡೆಯನ್ನು ಕೈಯಲ್ಲೇ ಬಿಡಿಸಿ, ಬೆರಳಿನಿಂದ ಮುಟ್ಟಿ ನೋಡಿ ಬಾಯಿಗೆ ಇಡಿ.

ಚೆನ್ನಾಗಿ ಕೂತ ಸೆಟ್ಟೂ ಕಾಯಂ ಅಲ್ಲ, ಕೆಳಗೆ ಮೂಳೆ ಕರಗುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ ತೋರಿಸಿ. ಸಡಿಲ ಆಗಿದ್ದರೆ ಹೊಸದು ಬೇಕಂತಿಲ್ಲ, ಒಳಗೆ ಹೊಸ ಪದರ ಹಾಕಿ ಕೂರಿಸಿಕೊಡುತ್ತಾರೆ. ಬಾಯಲ್ಲಿ ಆದ ಗಾಯ ಎರಡು ವಾರದಲ್ಲಿ ಮಾಯದಿದ್ದರೆ ಮಾತ್ರ ವರ್ಷ ಕಾಯಬೇಡಿ, ಆ ವಾರವೇ ಹೋಗಿ.