ಅಕ್ಷತೆ ಕಾಳು ಕೆಡದೆ ಮದುವೆ ಫೈಲ್ ಅರ್ಧವಾಯಿತು: ನನ್ನ ಅನುಭವ

ಹಳೇ ಮದುವೆ ವಿಡಿಯೊಗಳನ್ನೆಲ್ಲ ಎಚ್.265ಗೆ (ವಿಡಿಯೊ ಕುಗ್ಗಿಸುವ ಒಂದು ವಿಧಾನ, ಅಂದರೆ ಕೋಡೆಕ್) ಹಾಕಿಡುತ್ತೇನೆ ಅಂದಾಗ ಹಾಸನದ ಸ್ಟುಡಿಯೊ ಗೆಳೆಯರು ಯಾರೂ ಒಪ್ಪಲಿಲ್ಲ. "ಸೈಜ್ ಅರ್ಧ ಆದ್ರೆ ಕ್ವಾಲಿಟಿನೂ ಅರ್ಧ ಹೋಗುತ್ತೆ ಬಿಡಣ್ಣ" ಅಂದರು. ಈಗ ಅವರಲ್ಲೇ ಕೆಲವರು ಹಾರ್ಡ್ ಡಿಸ್ಕ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಇದು.

ಹಳೇ ಕ್ಯಾಮೆರಾದ ಮಿನಿ ಡಿವಿ ಟೇಪನ್ನು ಕಂಪ್ಯೂಟರಿಗೆ ಇಳಿಸಿದರೆ ಗಂಟೆಗೆ 13 ಜಿಬಿ ತಿನ್ನುತ್ತದೆ. ಈಗಿನ 4ಕೆ ಕ್ಯಾಮೆರಾ 100 ಎಂಬಿಪಿಎಸ್‌ನಲ್ಲಿ ಬರೆದರೆ ಗಂಟೆಗೆ 45 ಜಿಬಿ. ಎರಡೆರಡು ಪ್ರತಿ ಇಡಲೇಬೇಕು, ಅಂದರೆ ಪ್ರತಿ ಸೀಸನ್‌ಗೂ ಎಂಟೊಂಬತ್ತು ಸಾವಿರದ ಡಿಸ್ಕ್ ಎರಡು. ಮದುವೆ ಆಲ್ಬಮ್ಮಿನ ಲಾಭವೆಲ್ಲ ಡಿಸ್ಕಿಗೇ ಹೋಗುತ್ತಿತ್ತು.

ಟೇಪ್ ಇದ್ದರೆ ಟೇಪಿನಿಂದಲೇ ತೆಗೆಯಿರಿ, ಡಿವಿಡಿಯಿಂದ ಬೇಡ. ಡಿವಿಡಿಯ ಹಳೇ ಕೋಡೆಕ್ ಎಂಪೆಗ್-2 ಬಿಟ್ಟುಹೋದ ಚೌಕಗಳನ್ನೂ ಹೊಸ ಕೋಡೆಕ್ ಚಿತ್ರವೆಂದೇ ತಿಳಿದು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ.

ನನ್ನ ಪರೀಕ್ಷೆಗೆ ಎರಡೇ ಶಾಟ್: ತಾಳಿ ಕಟ್ಟುವಾಗ ಬೀಳುವ ಅಕ್ಷತೆ, ಆಮೇಲೆ ಹೋಮದ ಹೊಗೆ. ಅಕ್ಷತೆಯ ಒಂದೊಂದು ಕಾಳೂ ಒಂದೊಂದು ದಿಕ್ಕಿಗೆ ಹಾರುವುದರಿಂದ ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸಿ ಜಾಗ ಉಳಿಸುವ ಕೋಡೆಕ್ಕಿನ ಆಟ ಅಲ್ಲಿ ನಡೆಯುವುದಿಲ್ಲ. ಡಿವಿಡಿಯಲ್ಲಿ ಆ ಕ್ಷಣಕ್ಕೆ ವಧುವಿನ ಮುಖದ ಮೇಲೆ 8×8 ಪಿಕ್ಸೆಲ್ಲಿನ ಚೌಕಗಳು ಎದ್ದು ಕಾಣುತ್ತವೆ. ಆಮೇಲೆ ಬಂದ 2003ರ ಕೋಡೆಕ್ ಎಚ್.264 4×4ಕ್ಕೆ ಇಳಿಯುತ್ತದೆ, ಚೌಕದ ಅಂಚನ್ನೂ ತಾನೇ ನಯ ಮಾಡುತ್ತದೆ. 2013ರ ಎಚ್.265 ಖಾಲಿ ಗೋಡೆಯನ್ನು 64×64ರ ಒಂದೇ ತುಂಡಿನಲ್ಲಿ ಮುಗಿಸಿ, ಉಳಿದ ಬಿಟ್ಟನ್ನು ಮುಖಕ್ಕೆ, ಸೀರೆಯ ಜರಿಗೆ ಕೊಡುತ್ತದೆ.

ಮೊದಲು ಇಪ್ಪತ್ತು ಸಾವಿರ ಕೊಟ್ಟು ಗ್ರಾಫಿಕ್ಸ್ ಕಾರ್ಡ್ ತಂದೆ. ವೇಗಕ್ಕೆ ಎದುರಿಲ್ಲ, ಆದರೆ ಅದೇ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಖರ್ಚಾಗುವ ಬಿಟ್) ಅಕ್ಷತೆ ಗಂಜಿಯಾಯಿತು. ಕಾರ್ಡನ್ನು ಎಡಿಟಿಂಗಿಗೆ ಬಿಟ್ಟು, ಪ್ರೊಸೆಸರ್ ಮೇಲೆ ಓಡುವ ಎಕ್ಸ್265 ಎಂಬ ಎಚ್.265 ಸಾಫ್ಟ್‌ವೇರಿನ ನಿಧಾನದ 'ಸ್ಲೋ' ಸೆಟ್ಟಿಂಗಿಗೆ, ಬಣ್ಣದ ಹಂತಗಳು ಹೆಚ್ಚಿರುವ 10 ಬಿಟ್‌ಗೆ ಬಂದೆ. ಆಗ ಕಾಳು ಕಾಳಾಗಿ ನಿಂತಿತು, ಹೊಗೆ ಮಾತ್ರ ಒರೆಸಿದಂತಿತ್ತು. ಚಿತ್ರವನ್ನು ನಯ ಮಾಡುವ ಎಸ್‌ಎಒ ಎಂಬ ಫಿಲ್ಟರ್ ಆಫ್ ಮಾಡಿದ ಮೇಲೆ ಅದೂ ಸರಿಹೋಯಿತು. ಎಚ್.264ರ ಸಾಫ್ಟ್‌ವೇರ್ ಎಕ್ಸ್264ರಲ್ಲಿ ಗುಣಮಟ್ಟ ಹೇಳುವ ಸಿಆರ್‌ಎಫ್ ನಂಬರನ್ನೇ ಇಲ್ಲಿಗೂ ತಂದು ಹಾಕಬೇಡಿ, ಎರಡರ ಅಳತೆ ಬೇರೆ. ಟೇಪಿನ ನಾಯ್ಸ್ ಎಷ್ಟು ತೆಗೆದು ಎಷ್ಟು ಉಳಿಸುತ್ತೇನೆ ಅನ್ನುವುದು ನನ್ನ ಅಂಗಡಿಯ ಗುಟ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ.

ಮಳೆಗಾಲದಲ್ಲಿ ಕರೆಂಟಿನ ಕಾಟ. ರಾತ್ರಿಯಿಡೀ ಓಡಿದ ಫೈಲ್ ಬೆಳಗಿನ ಜಾವ ಸತ್ತರೆ ಮೊದಲಿಂದ ಶುರು. ಅದಕ್ಕೇ ವರಪೂಜೆ, ಧಾರೆ, ಆರತಕ್ಷತೆ ಅಂತ ತುಂಡು ಮಾಡಿ ಹಾಕುತ್ತೇನೆ. ಹೋದರೆ ಒಂದು ತುಂಡು ಹೋಗುತ್ತದೆ.

4ಕೆಯ 45 ಜಿಬಿ ಈಗ ಹೆಚ್ಚುಕಮ್ಮಿ 20ರೊಳಗೆ ಕೂರುತ್ತದೆ. ದೊಡ್ಡ ಟಿವಿಯಲ್ಲಿ ಎರಡನ್ನೂ ಹಾಕಿ ತೋರಿಸಿದೆ, ಅನುಮಾನಪಟ್ಟವರೂ ಅಸಲಿ ಯಾವುದೆಂದು ಗುರುತಿಸಲಿಲ್ಲ. ಟೇಪಿನದು ಬೇರೆ ಕಥೆ. ಸೆಕೆಂಡಿನ 50 ಫೀಲ್ಡನ್ನು (ಗೆರೆ ಬಿಟ್ಟು ಗೆರೆ ಇರುವ ಅರ್ಧ ಚಿತ್ರ) 50 ಪೂರ್ತಿ ಫ್ರೇಮ್ ಮಾಡಿ ಹಾಕಿದರೆ ಎಚ್.264ನಲ್ಲಿ ಗಂಟೆಗೆ ಎರಡು ಜಿಬಿ, ಎಚ್.265ನಲ್ಲಿ ಒಂದೂವರೆ. 576 ಗೆರೆಯ ಚಿತ್ರದಲ್ಲಿ ದೊಡ್ಡ ತುಂಡುಗಳಿಗೆ ಜಾಗವೇ ಕಡಿಮೆ, ಅಲ್ಲಿ ಅರ್ಧದ ಲೆಕ್ಕ ಹಿಡಿಯಬೇಡಿ.

ಮುಳ್ಳಯ್ಯನಗಿರಿಯಲ್ಲಿ ಬೆಳಗಿನ ಮಂಜಿನಲ್ಲಿ ತೆಗೆದ ಒಂದು ಪ್ರೀವೆಡ್ಡಿಂಗ್ ಮೇಲೂ ಪ್ರಯೋಗ ಮಾಡಿದೆ. 8 ಬಿಟ್‌ನಲ್ಲಿ ಕುಗ್ಗಿಸಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ, 10ರಲ್ಲಿ ಬಹುಪಾಲು ಹೋಯಿತು. ಎವಿ1 ಎಂಬ ಇನ್ನೊಂದು ಕೋಡೆಕ್ಕಿನಲ್ಲಿ ಗ್ರೇನ್ (ಚಿತ್ರದ ಸಣ್ಣ ಕಣಕಣದ ನಾಯ್ಸ್) ತೆಗೆದು ಪ್ಲೇ ಮಾಡುವಾಗ ಮತ್ತೆ ಹುಟ್ಟಿಸುವ ಸೌಲಭ್ಯವಿದೆ. ನೋಡಲು ಚೆಂದ, ಆದರೆ ಆ ಗ್ರೇನ್ ನಮ್ಮ ಟೇಪಿನದಲ್ಲ, ಆರ್ಕೈವಿಗೆ ನಾನು ಒಪ್ಪುವುದಿಲ್ಲ. ಎಚ್.265ರ ನಂತರದ, 2020ರ ಎಚ್.266 ಓಡಿಸುವ ಟಿವಿ ನನ್ನ ಗಿರಾಕಿಗಳ ಮನೆಯಲ್ಲಿ ಇನ್ನೂ ಕಂಡಿಲ್ಲ.

ಎಲ್ಲರ ಟಿವಿಯಲ್ಲೂ ಓಡಲಿ ಅಂತ ಗಿರಾಕಿಗೆ ಕೊಡುವ ಪೆನ್‌ಡ್ರೈವ್‌ಗೆ ಇವತ್ತಿಗೂ 8 ಬಿಟ್ ಎಚ್.264ನೇ, ಒಂದೊಂದು ಫೈಲೂ 4 ಜಿಬಿಯೊಳಗೆ. ಸಕಲೇಶಪುರದ ಕಡೆಯಿಂದ ಬರುವ ಫಂಗಸ್ ಹಿಡಿದ ಟೇಪಿಗೆ ಮಾತ್ರ ಹೆಚ್ಚು ತೆಗೆದುಕೊಳ್ಳುತ್ತೇನೆ, ಒಂದು ಟೇಪ್ ಓಡಿಸಿದರೆ ಹೆಡ್ ಕ್ಲೀನ್ ಮಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ.