ನಮ್ಮ ಇಂಗ್ಲಿಷ್ ಮಿಸ್‌ಗೆ ಬೀಳ್ಕೊಡುಗೆ: ಶಾಲು ಒಂದೇ ಸಾಕು ಅಂದುಕೊಂಡೆವು

ಮಿಸ್ ಹುಟ್ಟಿದ್ದು ನವರಾತ್ರಿಯಲ್ಲಂತೆ. ದಾಖಲೆಯಲ್ಲಿ ಮಾತ್ರ ಜೂನ್ 1. ನಮ್ಮಲ್ಲಿ ಎಷ್ಟೋ ಜನರ ಕಥೆ ಹೀಗೇ ಅಲ್ವಾ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ ಹುಟ್ಟಿದ ತಾರೀಖು. ಒಂದನೇ ತಾರೀಖು ಹುಟ್ಟಿದವರು ಅರವತ್ತಾಗುವಾಗ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ 2025ರ ಮೇ 31. ಬೇಸಿಗೆ ರಜೆ ಮುಗಿದು ಶಾಲೆ ತೆರೆದದ್ದು 29ಕ್ಕೆ, ಅಂದರೆ ಮಕ್ಕಳು ಬಂದು ಮೂರೇ ದಿನ. ಪುಣ್ಯಕ್ಕೆ ಅವತ್ತು ಶನಿವಾರ, ಬೆಳಗಿನ ಶಾಲೆ, ನಮಗೂ ರಜೆ ಹಾಕುವ ತಾಪತ್ರಯವಿಲ್ಲ.

ನಾವು 1998ರ ಎಸ್ಸೆಸ್ಸೆಲ್ಸಿ ಬ್ಯಾಚು, ರಾಜಾಜಿನಗರದ ಕಡೆ ಒಂದು ಅನುದಾನಿತ ಶಾಲೆ. ಕನ್ನಡ ಮೀಡಿಯಂ. ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ಎಂಟನೇ ಕ್ಲಾಸಿಗೆ ಬಂದಾಗ ಇಂಗ್ಲಿಷ್ ಪುಸ್ತಕ ಬಿಡಿಸಿದರೆ ಕೈ ನಡುಗುತ್ತಿತ್ತು, ಸುಳ್ಳಲ್ಲ. ಮಿಸ್ ನಮ್ಮನ್ನು ಗದರಿಸಲಿಲ್ಲ, ಕನ್ನಡದಲ್ಲೇ ಹತ್ತಿರ ಕರೆದು ಹೇಳಿಕೊಟ್ಟರು. 'ಡಿಸ್ಕಸ್ ಅಬೌಟ್' ಅಂತ ಬರೆದರೆ ಸಾಕು, "ನೀನು ತಲೆಯೊಳಗೆ 'ಅದರ ಬಗ್ಗೆ' ಅಂದ್ಕೊಂಡೆ, ಅದಕ್ಕೇ ಅಬೌಟ್ ಬಂತು. ಡಿಸ್ಕಸ್ ಹೊಟ್ಟೆಯೊಳಗೇ ಅದು ಇದೆ ಕಣಪ್ಪ" ಅನ್ನುತ್ತಿದ್ದರು. ತಪ್ಪು ಎಲ್ಲಿಂದ ಬಂತು ಅಂತ ತೋರಿಸಿದವರು ಅವರೊಬ್ಬರೇ.

ಸರಿ, ಕಾರ್ಯಕ್ರಮದ ವಿಷಯ. ವಾಟ್ಸಾಪ್ ಗ್ರೂಪಿನಲ್ಲಿ ತಲೆಗೆ 500 ರೂಪಾಯಿ ಅಂದೆವು. 46 ಜನ ಕೊಟ್ಟರು, 23,000 ಆಯ್ತು. ಒಬ್ಬ ಬೆಳ್ಳಿ ತಟ್ಟೆ ಅಂದ, ಇನ್ನೊಬ್ಬಳು ಶ್ರೀಗಂಧದ ಹಾರ, ಮೈಸೂರು ಪೇಟ ಅಂದಳು, ಮತ್ತೊಬ್ಬ ಶಾಸಕರನ್ನು ಕರೆಯೋಣ ಅಂದ. ಕರೆದರೆ ಅವರು ಬರುವ ತನಕ ಮಿಸ್ ಕಾಯುತ್ತಾ ಕೂರಬೇಕು, ಬೇಡವೇ ಬೇಡ ಅಂದೆ. ನಾನು ಮಾಡಿದ ಒಂದು ಒಳ್ಳೆ ಕೆಲಸ ಅಂದರೆ ಮಿಸ್ ಮಗಳಿಗೆ ಫೋನ್ ಮಾಡಿದ್ದು. "ಅಣ್ಣಾ, ಶಾಲು ಮಾತ್ರ ತರಬೇಡಿ, ಒಂದು ಬೀರು ತುಂಬ ಇದೆ" ಅಂದಳು. 2021ರಲ್ಲಿ ಸರ್ಕಾರವೇ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಸುತ್ತೋಲೆ ಹೊರಡಿಸಿತ್ತು. ಅದನ್ನೇ ಗ್ರೂಪಿನಲ್ಲಿ ಹಾಕಿ ಎಲ್ಲರ ಬಾಯಿ ಮುಚ್ಚಿಸಿದೆ. ಆದರೂ ಒಂದೂ ಇಲ್ಲದಿದ್ದರೆ ಬರಿಗೈ ಅನಿಸುತ್ತೆ ಅಂತ ಚಿಕ್ಕಪೇಟೆಯಿಂದ ಒಂದೇ ಒಂದು ಶಾಲು, ಗಾಂಧಿ ಬಜಾರಿನಿಂದ ಒಂದು ಸುಗಂಧರಾಜದ ಹಾರ.

ಮಿಸ್ಸನ್ನೇ ಕೇಳಿದ್ದಕ್ಕೆ, ನನಗೇನೂ ಬೇಡ, ಎಂಟನೇ ಕ್ಲಾಸಿನ ಮಕ್ಕಳಿಗೆ ಡಿಕ್ಷನರಿ ಕೊಡಿಸಿ ಅಂದರು. ಅವೆನ್ಯೂ ರಸ್ತೆಗೆ ಹೋಗಿ 30 ಇಂಗ್ಲಿಷ್-ಕನ್ನಡ ನಿಘಂಟು ತಂದೆವು. ದುಡ್ಡು ಜಾಸ್ತಿ ಹೋದದ್ದು ಅದಕ್ಕೇ. ಉಳಿದದ್ದರಲ್ಲಿ ಮಕ್ಕಳಿಗೂ ಸೇರಿಸಿ ಖಾರಾಬಾತು, ಕೇಸರಿಬಾತು.

ಇದರ ಜೊತೆ ಒಬ್ಬೊಬ್ಬರೂ ಮಿಸ್‌ಗೆ ಒಂದು ಪುಟದ ಕಾಗದ ಬರೆಯಬೇಕು, ಕೈಬರಹದಲ್ಲಿ, ಇಂಗ್ಲಿಷಿನಲ್ಲಿ, ಗೂಗಲ್ ಕೇಳಬಾರದು ಅಂತ ಹೇಳಿದ್ದೆ. ದುಡ್ಡು ಕೇಳಿದಾಗ ತಕ್ಷಣ ಕಳಿಸಿದವರು ಈಗ ಮಾಯ! ಐಟಿ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವವನೂ ಮುಂದಿನ ವಾರ, ಮುಂದಿನ ವಾರ ಅಂದ. ಯಶವಂತಪುರದಲ್ಲಿ ಆಟೋ ಓಡಿಸುವ ನಮ್ಮ ಕೊನೇ ಬೆಂಚಿನವನು ಮಾತ್ರ ಎರಡೇ ದಿನದಲ್ಲಿ ಬಾಡಿಗೆ ಮಧ್ಯೆ ಮನೆಗೆ ಬಂದು ಕೊಟ್ಟು ಹೋದ. ಹನ್ನೊಂದು ಸಾಲು, ನಾಲ್ಕು ಮಡಿಕೆ, ಮೂಲೆಯಲ್ಲಿ ಎಣ್ಣೆ ಕಲೆ. ಕೊನೆಗೆ 39 ಕಾಗದ ಸಿಕ್ಕಿದವು, ಒಂದು ಫೈಲಿಗೆ ಸೇರಿಸಿದೆವು.

ಅವತ್ತು ಬೆಳಿಗ್ಗೆ ಬಟ್ಟೆ ಬ್ಯಾನರ್ ಬಿಚ್ಚಿದರೆ ಇಂಗ್ಲಿಷಿನ 'ಫೆಲಿಸಿಟೇಶನ್'ನಲ್ಲಿ ಒಂದು 'ಐ' ಇಲ್ಲ. ಅಂಗಡಿಯವನ ತಪ್ಪೇ, ಆದರೆ ಪ್ರೂಫ್ ನೋಡಿ ಓಕೆ ಅಂದವನು ನಾನು. ಇಂಗ್ಲಿಷ್ ಮಿಸ್ ಕಾರ್ಯಕ್ರಮದಲ್ಲಿ! ಒಂದು ಗೊಂಚಲು ಹೂವು ತಂದು ಅದೇ ಜಾಗಕ್ಕೆ ಪಿನ್ ಹಾಕಿದೆವು. ಮಿಸ್ ಒಳಗೆ ಬಂದವರೇ ತಲೆಯೆತ್ತಿ ಆ ಹೂವನ್ನೇ ನೋಡಿದರು. ಏನೂ ಅನ್ನಲಿಲ್ಲ, ನಕ್ಕರು.

ಭಾಷಣ ಮೂವರದ್ದು, ತಲಾ ಮೂರು ನಿಮಿಷ. ನಾನು ಎರಡರಲ್ಲೇ ಗಂಟಲು ಕಟ್ಟಿ ಇಳಿದೆ. ಅಧ್ಯಕ್ಷೀಯ ನುಡಿ ಅಂತ ಇಟ್ಟಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಮೂರು ವಾರ ಆದ ಮೇಲೆ ಮಿಸ್ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ನನ್ನದೇ ಕಾಗದ. ನಾಲ್ಕನೇ ಸಾಲಿನಲ್ಲಿ ಡಿಸ್ಕಸ್ ಪಕ್ಕದ 'ಅಬೌಟ್' ಮೇಲೆ ಕೆಂಪು ಗೆರೆ. ಇಷ್ಟು ವರ್ಷ ಆದರೂ ಅದೇ ತಪ್ಪು. ನೋಡುತ್ತಾ ನಿಂತಿರುವಾಗಲೇ ಆಟೋದವನ ಫೋನ್ ಬಂತು:

"ನನ್ದಕ್ಕೆ ನಾಲ್ಕು ಗೆರೆ ಹಾಕವ್ರೆ ಕಣೋ. ನಿಂಗೆಷ್ಟು?"